ಗಂಡ ಬದಲಿಸಿಟ್ಟ ಸಕ್ಕರೆ ಗುಳಿಗೆ

ನನ್ನ ಗಂಡ ನನ್ನ ಮೇಲೆ ಪ್ರಯೋಗ ನಡೆಸುತ್ತಿದ್ದರು. ಹೋದ ತಿಂಗಳಿಡೀ. ನನಗೆ ಗೊತ್ತೇ ಇಲ್ಲದ ಹಾಗೆ.

ಗಾಬರಿಯಾಗಬೇಡಿ, ಪೊಲೀಸರಿಗೆ ಫೋನ್ ಮಾಡುವಂಥದ್ದೇನೂ ಅಲ್ಲ. ಹೋಮಿಯೋಪಥಿ ಡಾಕ್ಟರು ನನಗೆ ಕೊಟ್ಟಿದ್ದ ಗುಳಿಗೆಗಳನ್ನು ಸಿಂಕಿಗೆ ಚೆಲ್ಲಿ, ಅದೇ ಬಾಟಲಿಗೆ ಮದ್ದಿಲ್ಲದ ಬರೀ ಸಕ್ಕರೆ ಗುಳಿಗೆ ತುಂಬಿಟ್ಟಿದ್ದರು, ಅಷ್ಟೇ. ನಾನು ದಿನಾ ಬೆಳಿಗ್ಗೆ ಸಂಜೆ ಅದನ್ನು ಭಕ್ತಿಯಿಂದ ನಾಲಿಗೆ ಕೆಳಗೆ ಇಟ್ಟುಕೊಳ್ಳುತ್ತಿದ್ದೆ. ಕಳೆದ ಶನಿವಾರ ಕೊಚ್ಚಿಯಲ್ಲಿ, ಆ ಡಾಕ್ಟರ ಎದುರಿಗೇ, ಗೆದ್ದವರ ಮುಖ ಮಾಡಿಕೊಂಡು ಇದನ್ನು ಒಪ್ಪಿಕೊಂಡರು.

ಇಂಥ ಕೆಲಸ ಯಾರು ಮಾಡುತ್ತಾರೆ? ರಾಕೆಟ್ ಕಟ್ಟುವವರು ಮಾಡುತ್ತಾರೆ.

ನಮ್ಮವರು, ಪ್ರಸನ್ನ, ತುಂಬಾ ಅನ್ನುವ ಊರಿನ ರಾಕೆಟ್ ಕೇಂದ್ರದಲ್ಲಿ ಇಂಜಿನಿಯರು. ರಾಕೆಟ್ಟಿನ ಬಿಡಿಭಾಗಗಳನ್ನು ಅಲುಗಾಡಿಸಿ, ಕಾಯಿಸಿ, ತಣ್ಣಗೆ ಮಾಡಿ, ಎಲ್ಲಿ ಕೈಕೊಡುತ್ತದೆ ಅಂತ ಕಾದು ನೋಡುವುದು ಅವರ ಕೆಲಸ. ಮೈಸೂರು ಬಿಟ್ಟು ತಿರುವನಂತಪುರಕ್ಕೆ ಬಂದಾಗಿನಿಂದ ಅದನ್ನೇ ಮಾಡುತ್ತಿದ್ದಾರೆ, ಮನೆಯಲ್ಲೂ. ಹೊಸ ಮಿಕ್ಸಿ ಬಂದರೆ ಮೊದಲ ದಿನ ಚಟ್ನಿ ಆಗುವುದಿಲ್ಲ, ಪರೀಕ್ಷೆ ಆಗುತ್ತದೆ. (ಹಳೇ ಓದುಗರಿಗೆ ನಮ್ಮ ವಾಷಿಂಗ್ ಮಷೀನಿನ ಕಥೆ ನೆನಪಿರಬಹುದು. ಅದರ ಗಾಯ ಇನ್ನೂ ಆರಿಲ್ಲ.)

ಆದರೆ ನನಗೆ ಗುಳಿಗೆ ಯಾಕೆ ಬೇಕಾಯಿತು ಅಂತ ಮೊದಲು ಹೇಳಬೇಕು.

ಈ ಬೇಸಿಗೆಯಲ್ಲಿ ಅಮ್ಮ ಹೋದರು. ಮೈಸೂರಿನಲ್ಲಿ, ನನ್ನ ತಮ್ಮನ ಮನೆಯಲ್ಲಿ, ಮಧ್ಯಾಹ್ನ ಊಟ ಮುಗಿಸಿ ಒರಗಿದವರು ಏಳಲಿಲ್ಲ. ನಾನು ಹೋದೆ. ಪುರೋಹಿತರು, ಅಡುಗೆಯವರು, ನೆಂಟರಿಗೆ ಹಾಸಿಗೆ, ಎಲ್ಲ ಓಡಾಟ ನನ್ನದೇ. ವೈಕುಂಠ ಸಮಾರಾಧನೆಗೆ ಬಂದವರನ್ನು ಮಾತಾಡಿಸಿದೆ, ಅಮ್ಮನ ತಮಾಷೆಗಳನ್ನು ಹೇಳಿ ನಗಿಸಿದೆ ಕೂಡ. ಅಳು ಬರಲಿಲ್ಲ. ಗಟ್ಟಿಗಿತ್ತಿ ಅಂದರು ಎಲ್ಲರೂ. ನಾನೂ ನಂಬಿಬಿಟ್ಟೆ.

ತಿರುವನಂತಪುರಕ್ಕೆ ವಾಪಸು ಬಂದ ಮೇಲೆ ಗಂಟಲಲ್ಲಿ ಒಂದು ಉಂಡೆ ಬಂದು ಕೂತಿತು. ನೋವಿಲ್ಲ, ಉರಿಯಿಲ್ಲ, ಆದರೆ ಅನ್ನ ಇಳಿಯುವುದಿಲ್ಲ. ನೀರು ಇಳಿಯುತ್ತದೆ, ತಿಳಿಸಾರು ಇಳಿಯುತ್ತದೆ, ತುತ್ತು ಇಟ್ಟರೆ ಬಾಗಿಲು ಹಾಕಿಕೊಳ್ಳುತ್ತದೆ. ರವಿಕೆಗಳೆಲ್ಲ ದೊಗಳೆಯಾದವು. ರಾತ್ರಿ ನಿದ್ದೆ ಹೋಯಿತು. ಬರೆಯಲು ಕೂತರೆ ಮೊದಲ ವಾಕ್ಯವೇ ಹುಟ್ಟುತ್ತಿರಲಿಲ್ಲ. ಈ ಅಂಕಣ ನಡುವೆ ಕೆಲವು ವಾರ ಕಾಣಿಸಲಿಲ್ಲವಲ್ಲ, ಕಾರಣ ಇದೇ.

ಇಲ್ಲೇ ತಿರುವನಂತಪುರದ ಉಳ್ಳೂರಿನ ಆಸ್ಪತ್ರೆಯೊಂದಕ್ಕೆ ಹೋದೆವು. ಮೂಗಿನೊಳಗಿಂದ ಸಣ್ಣ ಕ್ಯಾಮೆರಾ ಇಳಿಸಿ ಗಂಟಲು ನೋಡಿದರು. ರಕ್ತ, ಥೈರಾಯ್ಡ್, ಸ್ಕ್ಯಾನ್, ಎಲ್ಲ ಆಯಿತು. ಎಲ್ಲವೂ ನಾರ್ಮಲ್. ‘ಟೆನ್ಷನ್ ಅಡಿಕ್ಕಂಡ, ಚೇಚಿ’ ಅಂದರು ಅಲ್ಲಿನ ಯುವ ಡಾಕ್ಟರು. ಟೆನ್ಷನ್ ಮಾಡ್ಕೋಬೇಡಿ ಅಕ್ಕ ಅಂತ. ಒಳ್ಳೆಯ ಹುಡುಗ. ಆದರೆ ಅನ್ನಕ್ಕೆ ಅದು ಹೇಗೆ ಗೊತ್ತಾಗಬೇಕು?

ಆಗ ಶಮೀಮಾ ಫೋನ್ ಮಾಡಿದಳು. ಪುತ್ತೂರಿನ ಹುಡುಗಿ, ಕೊಚ್ಚಿಯ ಐಟಿ ಪಾರ್ಕಿನಲ್ಲಿ ಕೆಲಸ, ಅಲ್ಲಿನ ಕನ್ನಡಿಗರ ರಾಜ್ಯೋತ್ಸವದಲ್ಲಿ ಪರಿಚಯವಾದವಳು. ಸ್ಕೂಟರಿನಿಂದ ಬಿದ್ದ ಮೇಲೆ ಅವಳಿಗೆ ರಸ್ತೆ ದಾಟುವುದಕ್ಕೂ ನಡುಕ ಬರುತ್ತಿತ್ತಂತೆ. ಎರ್ನಾಕುಲಂನ ಒಬ್ಬ ಹೋಮಿಯೋಪಥಿ ಡಾಕ್ಟರು ಹೂವಿನ ಹನಿ ಕೊಟ್ಟು ಸರಿ ಮಾಡಿದರಂತೆ. ‘ನೀವು ಒಂದು ಸಲ ಬಂದು ನೋಡಿ ಮಾರಾಯ್ರೆ. ಹೋಗುವುದೆಂತ, ಟ್ರೇನ್ ಚಾರ್ಜ್ ಅಷ್ಟೇ’ ಅಂದಳು.

ಹೋದೆ.

ಟೈಲರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಕ್ಲಿನಿಕ್ಕು. ಡಾಕ್ಟರ್ ಆನಿಯಮ್ಮ, ನನಗಿಂತ ಹಿರಿಯರು, ಕಾಟನ್ ಸೀರೆ, ಮೂಗಿನ ತುದಿಯಲ್ಲಿ ಕನ್ನಡಕ. ಮೊದಲು ಉಳ್ಳೂರಿನ ರಿಪೋರ್ಟುಗಳನ್ನೆಲ್ಲ ಬಿಡಿಸಿ ಓದಿದರು. ಆಮೇಲೆ ಪ್ರಶ್ನೆ ಶುರುವಾಯಿತು. ಬಾಯಾರಿಕೆ ಹೆಚ್ಚೋ ಕಡಿಮೆಯೋ? ಉಪ್ಪು ಇಷ್ಟವಾ? ಯಾವ ಮಗ್ಗುಲಿಗೆ ಮಲಗುತ್ತೀರಿ? ಯಾರಾದರೂ ಸಮಾಧಾನ ಮಾಡಲು ಬಂದರೆ ಹಿತವೋ, ಸಿಟ್ಟೋ? ಕನಸಲ್ಲಿ ಯಾರು ಬರುತ್ತಾರೆ?

ನನ್ನ ಮಲಯಾಳ ಚಾಲೈ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡುವಷ್ಟು. ಉಳಿದದ್ದಕ್ಕೆ ಇಂಗ್ಲಿಷ್ ಸೇರಿಸಿ ಉತ್ತರ ಕೊಟ್ಟೆ. ಪ್ರತಿ ಪ್ರಶ್ನೆಗೂ ಒಂದು ಜೋಕು. ಗಂಡ, ಮಿಕ್ಸಿ, ವಾಷಿಂಗ್ ಮಷೀನು. ಆನಿಯಮ್ಮ ಚೆನ್ನಾಗಿಯೇ ನಕ್ಕರು. ಆಮೇಲೆ ಪೆನ್ನು ಕೆಳಗಿಟ್ಟರು.

‘ಬಂದಾಗಿನಿಂದ ನನ್ನನ್ನು ನಗಿಸ್ತಾನೇ ಇದ್ದೀರಿ. ನಗಿಸದೇ ಸುಮ್ಮನೆ ಕೂತರೆ ಏನಾಗುತ್ತೆ?’

ಓದುಗರೇ, ನಾನು ವಾಷಿಂಗ್ ಮಷೀನಿನ ಕಥೆಯನ್ನು ಇನ್ನೊಂದು ಸಲ ಶುರು ಮಾಡಿದೆ.

ಅವರು ಒಂದು ಪೊಟ್ಟಣ ಬಿಡಿಸಿ ಅಲ್ಲೇ ನನ್ನ ನಾಲಿಗೆ ಮೇಲೆ ಹಾಕಿದರು. ಇಗ್ನೇಷಿಯಾ ಅಂತೆ, ನುಂಗಿಕೊಂಡ ದುಃಖಕ್ಕೆ. ಮನೆಗೆ ಒಂದು ಬಾಟಲಿ ಗುಳಿಗೆ. ಜೊತೆಗೆ ಕಂದು ಸೀಸೆಯಲ್ಲಿ ಹೂವಿನ ಹನಿ, ಹೆಸರು ಆಗ್ರಿಮನಿ. ಹೂಗಳನ್ನು ನೀರಲ್ಲಿ ಬಿಸಿಲಿಗಿಟ್ಟು, ಕೆಡದಿರಲಿ ಅಂತ ಚೂರು ಬ್ರಾಂದಿ ಸೇರಿಸಿ ಮಾಡುವ ಮದ್ದು. ಇದು ರೋಗದ ಹೆಸರು ಕೇಳುವುದಿಲ್ಲ, ನಿಮ್ಮ ಸ್ವಭಾವ ಕೇಳುತ್ತದೆ. ಈ ಹೂವು ಯಾರಿಗೆ ಗೊತ್ತಾ? ಸಂಕಟವನ್ನು ನಗುವಿನ ಹಿಂದೆ ಬಚ್ಚಿಡುವವರಿಗೆ. ಅಂಥವರಿಗೆ ಅಂತಲೇ ಒಂದು ಹೂವು ಹುಡುಕಿಟ್ಟಿದ್ದಾರಲ್ಲ, ನನಗೆ ಒಳಗೊಳಗೇ ನಾಚಿಕೆಯಾಯಿತು.

ಏಳುವಾಗ ಆನಿಯಮ್ಮ ಒಂದು ಮಾತು ಹೇಳಿದರು. ನುಂಗುವಾಗ ನೋವು ಶುರುವಾದರೆ, ತೂಕ ಇನ್ನೂ ಇಳಿದರೆ, ನನ್ನ ಹನಿ ಹಾಕಿಕೊಂಡು ಕೂರಬೇಡಿ, ನೇರ ಉಳ್ಳೂರಿಗೆ ಹೋಗಿ ಅಂತ. ತಮ್ಮ ಮದ್ದಿನ ಗಡಿ ತಾವೇ ಹೇಳುವ ಡಾಕ್ಟರ ಮೇಲೆ ನನಗೆ ತಕ್ಷಣ ನಂಬಿಕೆ ಬಂತು.

ಮನೆಯಲ್ಲಿ? ನೀವು ಊಹಿಸಿದ ಹಾಗೇ. ಅರಬ್ಬೀ ಸಮುದ್ರಕ್ಕೆ ಒಂದು ಹನಿ ಮದ್ದು ಹಾಕಿ ಶಂಖುಮುಖದ ತೀರದಲ್ಲಿ ಒಂದು ಚಮಚ ನೀರು ಕುಡಿದರೆ ಎಷ್ಟೋ ಇದೂ ಅಷ್ಟೇ ಅಂತ ಪ್ರಸನ್ನ ಊಟದ ಮೇಜಿನಲ್ಲಿ ಲೆಕ್ಚರ್ ಕೊಟ್ಟರು. ಹೂವಿನ ಹನಿಯನ್ನಂತೂ ಮದ್ದು ಅಂತಲೇ ಕರೆಯಲಿಲ್ಲ. ಮೂಸಿ ನೋಡಿ, ಬ್ರಾಂದಿ ಪರವಾಗಿಲ್ಲ ಅಂದರು.

ಮಾರನೇ ದಿನದಿಂದ ಮನುಷ್ಯ ಬದಲಾದರು.

ಗುಳಿಗೆಗೆ ಕಾಫಿ ಆಗದು ಅಂತ ನನ್ನ ಫಿಲ್ಟರನ್ನು ಅಟ್ಟಕ್ಕೆ ಹಾಕಿದರು. ಅರ್ಧ ಗಂಟೆ ಬಿಟ್ಟು ಕುಡಿಯಬಹುದು ಅಂತ ಡಾಕ್ಟರೇ ಹೇಳಿದ್ದರು, ಇವರು ಒಪ್ಪಲಿಲ್ಲ. ಘಾಟಿಗೆ ಮದ್ದು ಕೆಡುತ್ತದೆ ಅಂತ ಇಂಗಿನ ಡಬ್ಬಿ ಬಾಲ್ಕನಿಗೆ ಹೋಯಿತು. ದೇವರ ಮುಂದೆ ಕರ್ಪೂರ ಬಂದ್. ಜೊತೆಗೆ, ದಿನಾ ಬೆಳಿಗ್ಗೆ ಆಫೀಸ್ ಬಸ್ಸಿಗೆ ಹೊರಡುವ ಮೊದಲು ಎದುರಿಗೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ನಿದ್ದೆ ಬಂತಾ? ಎಷ್ಟು ತುತ್ತು ಇಳಿಯಿತು? ಉಂಡೆ ಮೇಲಿದೆಯಾ, ಕೆಳಗಿದೆಯಾ? ಕನಸು ಬಿತ್ತಾ? ಏನು ಕನಸು?

ಮದುವೆಯಾದಾಗಿನಿಂದ ಈ ಗಂಡಸು ನನ್ನ ಕನಸು ಕೇಳಿದ್ದೇ ಇಲ್ಲ. ನಾನು ಕರಗಿಹೋದೆ. ನಂಬದಿದ್ದರೂ ನನಗೋಸ್ಕರ ಪಥ್ಯ ಕಾಯುತ್ತಿದ್ದಾರಲ್ಲ ಅಂತ ಶಮೀಮಾಗೆ ಫೋನ್ ಮಾಡಿ ಕೊಚ್ಚಿಕೊಂಡೆ.

ಒಂದು ಬೆಳಿಗ್ಗೆ ಹಾಗೇ ಕೇಳಿದರು, ಏನು ಕನಸು ಅಂತ. ಅಮ್ಮ ಫೋನ್ ಮಾಡಿದ್ದಳು ಅಂದೆ. ಏನಂದರು ಅಂತ ಕೇಳಿದರು. ನಾನು ಏನೋ ತಮಾಷೆ ಹೇಳಲು ಬಾಯಿ ತೆರೆದೆ. ಬಂದದ್ದು ಬೇರೆ.

‘ಏನ್ ತಿಂಡಿ ಮಾಡ್ದೆ ಅಂತ ಕೇಳಿದ್ಲು ಕಣ್ರೀ. ದಿನಾ ಕೇಳ್ತಿದ್ಲಲ್ಲ. ಈಗ ನಾನು ಏನ್ ತಿಂದ್ರೂ ಯಾರಿಗೆ ಹೇಳ್ಲಿ?’

ಅಷ್ಟೇ. ಕಟ್ಟೆ ಒಡೆಯಿತು. ಮೈಸೂರಿನಲ್ಲಿ ಬರದ ಅಳು ಎಲ್ಲ ಒಟ್ಟಿಗೆ ಬಂತು. ಕೆಳಗೆ ಆಫೀಸ್ ಬಸ್ಸು ಹಾರ್ನ್ ಹೊಡೆದು ಹೊಡೆದು ಹೋಯಿತು. ಪ್ರಸನ್ನ ಕುರ್ಚಿ ಬಿಟ್ಟು ಏಳಲಿಲ್ಲ, ನನ್ನ ಕೈ ಹಿಡಿದುಕೊಂಡು ಕೂತಿದ್ದರು. ಮಧ್ಯಾಹ್ನ ಅವರೇ ಅನ್ನ ಮಾಡಿದರು. ಇಂಗಿಲ್ಲದ ಸಾರು. ನಾನು ಎರಡು ಸಲ ಬಡಿಸಿಕೊಂಡೆ. ಅನ್ನ ಇಳಿಯಿತು.

ಅಮ್ಮ ಹೋದ ದುಃಖ ಹೋಗಿಲ್ಲ, ಅದು ಹೋಗುವುದೂ ಬೇಡ. ಆದರೆ ಗಂಟಲು ಬಿಟ್ಟಿತು. ಆ ಪುಟ್ಟ ಗುಳಿಗೆಗಳಿಗೆ ಕೈ ಮುಗಿದೆ.

ಇನ್ನು ಕಳೆದ ಶನಿವಾರ. ಎರಡನೇ ಭೇಟಿಗೆ ತಾವೂ ಬರುತ್ತೇನೆ ಅಂದಾಗಲೇ ನನಗೆ ಅನುಮಾನ ಬರಬೇಕಿತ್ತು. ನಾನು ಗುಣವಾದ ಕಥೆಯನ್ನು ಆನಿಯಮ್ಮನಿಗೆ ಹೇಳಿ ಮುಗಿಸಿದ್ದೇ ತಡ, ಪ್ರಸನ್ನ ಗಂಟಲು ಸರಿ ಮಾಡಿಕೊಂಡರು. ಬಾಟಲಿ ಮನೆಗೆ ಬಂದ ದಿನವೇ ಬದಲಾಯಿಸಿದ್ದು, ಚಾಲೈ ಹತ್ತಿರದ ಹೋಮಿಯೋ ಅಂಗಡಿಯಲ್ಲಿ ಖಾಲಿ ಗುಳಿಗೆ ಕೊಂಡದ್ದು, ದಿನಾ ಬೆಳಿಗ್ಗೆ ಕೇಳಿ ಕೇಳಿ ಫಲಿತಾಂಶ ನೋಡಿದ್ದು, ಎಲ್ಲ ಬಿಡಿಸಿ ಹೇಳಿದರು. ಗುಣ ಆದದ್ದು ಬರೀ ಸಕ್ಕರೆಯಿಂದ, ಹಾಗಾಗಿ ನಿಮ್ಮ ಮದ್ದಿನಿಂದ ಅಲ್ಲ ಅಂತ ತೀರ್ಪೂ ಕೊಟ್ಟರು.

ನನ್ನ ಮುಖಕ್ಕೆ ಯಾರೋ ತಣ್ಣೀರು ಎರಚಿದ ಹಾಗಾಯಿತು. ಗುಳಿಗೆ ಹೋದರೆ ಹೋಗಲಿ. ಆ ಕುರ್ಚಿ, ಆ ಕನಸಿನ ಪ್ರಶ್ನೆ? ಎಲ್ಲ ಬರೀ ರೀಡಿಂಗ್ ತಗೊಂಡದ್ದಾ? ನಾನೇನು ಅಲುಗಾಡಿಸಿ ನೋಡುವ ಬಿಡಿಭಾಗವಾ?

ಆನಿಯಮ್ಮ ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

‘ಆ ಬಾಟಲಿಯಲ್ಲಿ ನಾನು ಕೊಟ್ಟದ್ದೂ ಬರೀ ಸಕ್ಕರೆನೇ ಸಾರ್. ಮದ್ದು ಇದ್ದದ್ದು ಪೊಟ್ಟಣದಲ್ಲಿ. ಅದನ್ನ ನಾನೇ ಅವರ ನಾಲಿಗೆ ಮೇಲೆ ಹಾಕಿದ್ದೆ.’

ಇದು ಅವರ ಪದ್ಧತಿಯಂತೆ. ಒಂದೇ ಒಂದು ಡೋಸ್ ಕೊಟ್ಟು ಕಾಯುವುದು. ಕಾಯುವಾಗ ರೋಗಿಗೆ ಕೈ ಬರಿದು ಅನ್ನಿಸಬಾರದು ಅಂತ ಖಾಲಿ ಗುಳಿಗೆ ಕೊಡುವುದು. ಅಂದರೆ ನಮ್ಮ ವಿಜ್ಞಾನಿಗಳು ಸಕ್ಕರೆ ಚೆಲ್ಲಿ ಸಕ್ಕರೆ ತುಂಬಿದ್ದರು. (ಇಬ್ಬರೂ ಸೇರಿ ನನಗೆ ಸಕ್ಕರೆ ತಿನ್ನಿಸಿದ್ದರು ಅಂತಲೂ ಹೇಳಬಹುದು.) ಹೂವಿನ ಹನಿಯನ್ನೂ ಬದಲಿಸಿದಿರಾ ಅಂತ ಆನಿಯಮ್ಮ ಕೇಳಿದರು. ಅದನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ ಅಂದರು ಪ್ರಸನ್ನ, ಸಣ್ಣ ದನಿಯಲ್ಲಿ. ನಾನು ಅದನ್ನು ಒಂದು ದಿನವೂ ಬಿಟ್ಟಿರಲಿಲ್ಲ.

ನಿಮ್ಮಲ್ಲಿ ಕೆಲವರು ಈಗಾಗಲೇ ನನಗೆ ಇಮೇಲ್ ಬರೆಯಲು ಕೂತಿರುತ್ತೀರಿ. ಬರೆಯಿರಿ. ಯಾವುದರಿಂದ ಗುಣವಾಯಿತು ಅಂತ ನನ್ನ ಹತ್ತಿರ ಪುರಾವೆ ಇಲ್ಲ. ಪೊಟ್ಟಣವೋ, ಹೂವೋ, ಅಳುವೋ, ನನಗೆ ಗೊತ್ತಿಲ್ಲ. ಆದರೆ ಒಬ್ಬ ಡಾಕ್ಟರು ನನ್ನ ನಗುವನ್ನು ಒಂದು ಲಕ್ಷಣ ಅಂತ ಬರೆದುಕೊಂಡರು. ಅಲ್ಲಿಯವರೆಗೆ ಅದು ಯಾರಿಗೂ ಕಾಯಿಲೆಯ ಹಾಗೆ ಕಂಡಿರಲಿಲ್ಲ, ನನಗೂ. ಅದಕ್ಕೆ ನಾನು ಬದುಕಿರುವ ತನಕ ಋಣಿ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಪ್ರಸನ್ನ ಸೋಲುವ ಪೈಕಿಯಲ್ಲ. ಮೊದಲ ವಾರ ನಿಮ್ಮ ಪೊಟ್ಟಣವೂ ಏನೂ ಮಾಡಿರಲಿಲ್ಲ ಅಂತ ವಾದ ತೆಗೆದರು. ಚೆನ್ನಾಗಿ ನಿದ್ದೆ ಬಂತು ಅಂತ ಇವಳು ಹೇಳುತ್ತಿದ್ದದ್ದು ಸುಳ್ಳು ಡಾಕ್ಟರ್ ಅಂದರು. ದಿನಾ ರಾತ್ರಿ ಎದ್ದು ಕೂರುತ್ತಿದ್ದಳು. ಅಡುಗೆಮನೆಗೆ ಹೋಗಿ, ಲೈಟು ಹಾಕದೆ ನೀರು ಕುಡಿಯುತ್ತಿದ್ದಳು. ಬಂದು ಗೋಡೆ ಕಡೆ ತಿರುಗಿ ಮಲಗಿ, ಬೆಳಕು ಹರಿಯುವ ತನಕ ಉಸಿರು ಬಿಗಿಹಿಡಿದುಕೊಂಡಿರುತ್ತಿದ್ದಳು.

ಎಲ್ಲ ನಿಜ. ಒಂದನ್ನೂ ನಾನು ಅವರಿಗೆ ಹೇಳಿರಲಿಲ್ಲ.

‘ಅದು ನಿಮಗೆ ಹೇಗೆ ಗೊತ್ತು?’ ಅಂದರು ಆನಿಯಮ್ಮ.

ಪ್ರಸನ್ನ ತಮ್ಮ ಬೂಟು ನೋಡಿಕೊಂಡು ಮಾತಾಡಿದರು.

‘ರಿಪೋರ್ಟೆಲ್ಲ ನಾರ್ಮಲ್ ಅಂದ್ರೂ ನಂಗೆ ಧೈರ್ಯ ಬರ್ಲಿಲ್ಲ. ಇವ್ಳು ದಿನಾ ಕರಗ್ತಾ ಇದ್ಲು. ಸಕ್ಕರೆ ತಿಂದ್ಕೊಂಡು ಕೂತು, ಒಳಗೆ ಏನಾದ್ರೂ ಬೆಳೀತಾ ಇದ್ರೆ? ನೋಡ್ತಾ ಇರೋಣ ಅಂತ ಎದ್ದಿರ್ತಿದ್ದೆ.’

ಆನಿಯಮ್ಮ ಡ್ರಾಯರಿನಿಂದ ಒಂದು ಹೊಸ ಹಾಳೆ ತೆಗೆದು ಅದರ ಮೇಲೆ ಪ್ರಸನ್ನ ಅಂತ ಹೆಸರು ಬರೆದರು. ಬಾಯಾರಿಕೆ ಹೆಚ್ಚೋ ಕಡಿಮೆಯೋ ಅಂತ ಕೇಳಿದರು. ನಾನು ಜೋಕು ಮಾಡಲಿಲ್ಲ. ನಮ್ಮವರು ಒಂದೊಂದೇ ಪ್ರಶ್ನೆಗೆ ವಿಧೇಯ ವಿದ್ಯಾರ್ಥಿಯ ಹಾಗೆ ಉತ್ತರ ಕೊಟ್ಟರು. ತಮ್ಮವರಿಗೆ ಏನಾಗಿಬಿಡುತ್ತದೋ ಅಂತ ಸದಾ ಹೆದರುವವರಿಗೂ ಒಂದು ಹೂವಿದೆ, ಕೆಂಪು ಚೆಸ್ಟ್‌ನಟ್. ಆ ಕಂದು ಸೀಸೆಯನ್ನು ರೈಲಿನಲ್ಲಿ ಮನೆಯ ತನಕ ಜೇಬಿನಲ್ಲೇ ಇಟ್ಟುಕೊಂಡು ಬಂದರು. ಈ ವಾರವಿಡೀ ಬಸ್ಸಿಗೆ ಮೊದಲು ನಾಲಿಗೆ ಚಾಚಿ ಹನಿ ಹಾಕಿಸಿಕೊಳ್ಳುತ್ತಿದ್ದಾರೆ. ಈಗ ಕುರ್ಚಿ ಎಳೆದುಕೊಂಡು ಎದುರಿಗೆ ಕೂರುವ ಕೆಲಸ ನನ್ನದು.

ಹೋಮಿಯೋಪಥಿ ವಿಜ್ಞಾನವೇ ಅಲ್ಲ ಅಂತ ಬರೆಯಲಿರುವವರಿಗೆ ಒಂದೇ ಪ್ರಶ್ನೆ: ಪ್ರಯೋಗ ಮಾಡಿದವನಿಗೆ ನಿದ್ದೆ ಬಂತಾ ಅಂತ ಕೇಳುವ ವಿಜ್ಞಾನ ನಿಮ್ಮಲ್ಲಿ ಯಾವುದಿದೆ?