ಬಿಳಿ ಬಟ್ಟೆಯ ಮುಂದೆ ಒಂದು ಹಿಡಿ ಮಂಡಕ್ಕಿ

ನಮ್ಮೂರ ಸರ್ಕಲ್ಲಿನಲ್ಲಿ ಪಾಳೇಗಾರನ ಪ್ರತಿಮೆ ಕೂರಿಸಿದಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಸಿಮೆಂಟಿನ ಸಿಂಹಾಸನ, ಮೈತುಂಬ ಬಂಗಾರದ ಬಣ್ಣ, ತೊಡೆಯ ಮೇಲೆ ಅಡ್ಡ ಕತ್ತಿ. ಕತ್ತಿಯ ತುದಿ ಸೀದಾ ನಮ್ಮ ಕೇರಿಯ ಕಡೆ. ಬೇಕೆಂದೇ ಹಾಗೆ ಕೂರಿಸಿದರೋ, ಕೂರಿಸಿದವನಿಗೆ ದಿಕ್ಕು ತಿಳಿಯಲಿಲ್ಲವೋ, ಆ ದೇವರೇ ಬಲ್ಲ. ಮೇಲೋಣಿಯವರಿಗೆ ಅವನು ಕೆರೆ ಕಟ್ಟಿಸಿದ ಪುಣ್ಯಾತ್ಮ. ನಮ್ಮ ಕೇರಿಯವರಿಗೆ, ಅದೇ ಕೆರೆಗೆ ಮಣ್ಣು ಹೊರಿಸಿ, ನೀರು ನಿಂತ ಮೇಲೆ ಮುಟ್ಟಬೇಡಿ ಎಂದವನು. ಎರಡೂ ನಿಜವಿರಬಹುದು. ಆದರೆ ದಿನಾ ಬಸ್ಸಿಳಿದ ಕೂಡಲೇ ಅವನ ಮುಖ ನೋಡಬೇಕಾದವಳು ನಾನು. ಅವನನ್ನು ಅಲ್ಲಿಂದ ತೆಗೆಯಲಿ ಎಂದೇ ನನ್ನ ಮತ, ಈಗಲೂ.

ಕಳೆದ ವರ್ಷ ಕೇರಿಯ ಹುಡುಗರು ಅದನ್ನೇ ಬಾಯಿಬಿಟ್ಟು ಕೇಳಿದರು. ಮೇಲೋಣಿ ಕೆಂಡವಾಯಿತು. ತೀರ್ಮಾನವಾಗುವವರೆಗೆ ಇರಲಿ ಎಂದು ಅಧಿಕಾರಿಗಳು ಬಂದು, ಪ್ರತಿಮೆಗೆ ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಸುತ್ತಿಸಿ, ಹಗ್ಗ ಬಿಗಿಸಿ, ಇಬ್ಬರು ಪೊಲೀಸರನ್ನು ಕಾವಲಿಟ್ಟು ಹೋದರು. ದೂರದ ಕಡೆಯವರಿರಬೇಕು. ನಮ್ಮೂರಲ್ಲಿ ಹೆಣವನ್ನು ಕೂರಿಸಿಯೇ ಒಯ್ಯುತ್ತಾರೆ ಎಂಬುದು ಅವರಿಗೆ ಹೊಳೆಯಲಿಲ್ಲ. ಬೆಳಗಾಗಿ ನೋಡಿದರೆ ಸರ್ಕಲ್ಲಿನ ನಡುವೆ ಹೆಣ ಕೂತಿದೆ. ಅಂಗಡಿಯವರೆಲ್ಲ ಸಾವಿನ ಮನೆಯಲ್ಲಿದ್ದಂತೆ ದನಿ ತಗ್ಗಿಸಿ ಮಾತಾಡತೊಡಗಿದರು.

ಅದರ ಎದುರಿಗೇ ನನ್ನವ್ವನ ಮಿರ್ಚಿ ಮಂಡಕ್ಕಿ ಗಾಡಿ. ಮೊದಮೊದಲು ನಮ್ಮ ಕೈಯದೆಂದು ಮೇಲೋಣಿಯವರು ಇತ್ತ ಸುಳಿಯುತ್ತಿರಲಿಲ್ಲ. ಆಮೇಲೆ ಬಿಸಿ ಮಿರ್ಚಿಯ ವಾಸನೆಯ ಮುಂದೆ ಅವರ ಮಡಿ ನಿಲ್ಲಲಿಲ್ಲ. ನಾನು ಕೊಟ್ಟೂರಿನಲ್ಲಿ ಟೀಚರ್ ಆದ ಮೇಲೆ, ಇನ್ನು ಸಾಕು ಬಿಡವ್ವ ಎಂದರೂ ಆಕೆ ಕೇಳಿದವಳಲ್ಲ.

ಆ ಸಂಜೆ ಅವ್ವ ಒಲೆ ಹಚ್ಚುವ ಮೊದಲು ಚೀಲದಿಂದ ಒಂದು ಹಿಡಿ ಮಂಡಕ್ಕಿ ತೆಗೆದುಕೊಂಡು ಹೋದಳು. ಶವದ ಮುಂದೆ ತೂರುವ ಹಾಗೆ ಪ್ರತಿಮೆಯ ಕಾಲ ಬಳಿ ತೂರಿ, ಕೈಮುಗಿದು ಬಂದಳು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದರು.

ನಾನು ಮನೆಯಲ್ಲಿ ರೇಗಿದೆ. "ನಿನಗೇನ್ ಹುಚ್ಚೇನವ್ವ? ಅದು ಸಿಮೆಂಟು."

"ಸಿಮೆಂಟಿಗೆ ಪೊಲೀಸ್ರನ್ನ ಯಾಕ ಕಾವಲಿಟ್ಟಾರ ಮತ್ತ?" ಅಂದಳು ಅವ್ವ. "ಒಳ್ಳೇವ್ನಿರ್ಲಿ ಕೆಟ್ಟವ್ನಿರ್ಲಿ, ಬಿಳೇ ಬಟ್ಟಿ ಹೊದಿಸಿ ಕುಂದ್ರಿಸಿದ ಮ್ಯಾಲ ಒಂದ್ ಹಿಡಿ ಹಾಕ್ಬೇಕು. ಹಂಗ ದಾಟಿ ಹೋಗಬಾರ್ದು."

ನಮ್ಮ ಹುಡುಗರಿಗೆ ಹಬ್ಬವಾಯಿತು. "ರಾಜನ ಮಣ್ಣು ಮಾಡಿದ್ಲು ನಮ್ಮ ದೊಡ್ಡವ್ವ" ಎಂದು ಬರೆದು ಆ ವಿಡಿಯೋವನ್ನು ಊರೂರಿಗೆ ಹಂಚಿದರು. ಹಡಗಲಿಯಿಂದ, ಕೂಡ್ಲಿಗಿಯಿಂದ ಶಭಾಷ್ ಎಂದು ಫೋನು. ಅವಳು ತೋರಿದ ಮರ್ಯಾದೆಯನ್ನು ಅವರು ಬೈಗುಳ ಮಾಡಿಕೊಂಡರು. ಮೇಲೋಣಿಯವರೂ ಅದನ್ನು ಬೈಗುಳವೆಂದೇ ಓದಿಕೊಂಡರು. ಆ ವಿಷಯದಲ್ಲಿ ಮಾತ್ರ ಎರಡೂ ಕಡೆಯವರು ಒಂದಾದರು! ಅವ್ವನನ್ನು ಯಾರೂ ಕೇಳಲಿಲ್ಲ. ನನಗೆ ಇಬ್ಬರ ಮೇಲೂ ಸಿಟ್ಟು ಬಂತು, ನಮ್ಮವರ ಮೇಲೆ ತುಸು ಹೆಚ್ಚೇ.

ಗಾಡಿಯ ಮುಂದೆ ಜನ ನಿಲ್ಲುವುದು ನಿಂತಿತು. ಯಾರೂ ಬೈಯಲಿಲ್ಲ, ಜಗಳಕ್ಕೆ ಬರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಗುಂಪಾಗಿ ಬಂದು, ಆಚೆ ನಿಂತು, ನೋಡಿ ಹೋಗುತ್ತಿದ್ದರು.

ಒಂದು ಭಾನುವಾರ ನಾನೂ ಅವ್ವನ ಜೊತೆ ಮೆಣಸಿನಕಾಯಿ ಸೀಳುತ್ತ ಕೂತಿದ್ದೆ. ಮೇಲೋಣಿಯ ಹಿರಿಯ ಗೌಡರೊಬ್ಬರು ಬಂದರು. ವರ್ಷಗಟ್ಟಲೆ ನಮ್ಮ ಗಾಡಿಯಲ್ಲಿ ತಿಂದವರು. ನನಗೆ ನೌಕರಿ ಸಿಕ್ಕಾಗ ಊರಿಗೆಲ್ಲ ಹೇಳಿಕೊಂಡು ಬಂದವರು. ಅವ್ವನ ಮುಖ ಅರಳಿತು. "ಬರ್ರಿ ಗೌಡ್ರ" ಎನ್ನುತ್ತ ಕಾಗದದಲ್ಲಿ ಮಂಡಕ್ಕಿ ಹಾಕಿ ಮುಂದೆ ಹಿಡಿದಳು.

ಅವರು ಕೈ ಚಾಚಲಿಲ್ಲ. "ಮಂಡಕ್ಕಿ ಬ್ಯಾಡವ್ವ," ಅಂದರು, ಮೆತ್ತಗೆ. "ನಾ ಇನ್ನಾ ಜೀವಂತ ಅದೀನಿ."

ಸ್ವಲ್ಪ ಹೊತ್ತು ಬಿಳಿ ಬಟ್ಟೆಯ ಕಡೆ ನೋಡುತ್ತ ನಿಂತರು. ಆಮೇಲೆ, "ಮಗಳು ಸಂಜಿಮುಂದ ಯಾವ ಬಸ್ಸಿಗೆ ಬರ್ತಾಳ?" ಎಂದು ಕೇಳಿದರು. ನಾನು ಅಲ್ಲೇ ಇದ್ದೆ, ಮೊಳದಷ್ಟು ದೂರದಲ್ಲಿ. ನನ್ನ ಕಡೆ ತಿರುಗಲಿಲ್ಲ. ಅದೇ ಬಸ್ಸಿನಲ್ಲಿ ಎಷ್ಟೋ ಸಲ ನನ್ನ ಪಕ್ಕದಲ್ಲಿ ಕೂತು ಬಂದವರು ಅವರು. ಉತ್ತರಕ್ಕೂ ಕಾಯದೆ ಹೋದರು.

ಮರುದಿನದಿಂದ ಅವ್ವ ಗಾಡಿ ಹಚ್ಚಿಲ್ಲ. ಪ್ರತಿಮೆಯನ್ನು ತೆಗೆದಿಲ್ಲ, ಬಟ್ಟೆಯನ್ನೂ ಬಿಚ್ಚಿಲ್ಲ. ಗಾಳಿ ಬಂದಾಗ ಅದು ಉಸಿರಾಡಿದಂತೆ ಉಬ್ಬುತ್ತದೆ. ಕಾವಲಿನ ಪೊಲೀಸರನ್ನು ಬೇರೆಲ್ಲಿಗೋ ಹಾಕಿದ್ದಾರೆ. ಊರು ತಣ್ಣಗಾಯಿತು ಎಂದು ಬರೆದುಕೊಂಡರಂತೆ.

ಸಂಜೆ ನಾನು ಬಸ್ಸಿಳಿಯುವಾಗ ಅವ್ವ ಸರ್ಕಲ್ಲಿನಲ್ಲಿ ಒಬ್ಬಳೇ ನಿಂತಿರುತ್ತಾಳೆ. ಕೈಯಲ್ಲಿ ಎಣ್ಣೆಯಿಂದ ಮಿರ್ಚಿ ಎತ್ತುವ ಉದ್ದನೆಯ ಜಾಲರಿ ಸೌಟು.

"ಇದ್ಯಾಕವ್ವ?"

"ಇರ್ಲಿ, ನಡಿ."

ಮನೆ ಮುಟ್ಟುವವರೆಗೆ ನನ್ನ ಜೊತೆಗೆ ನಡೆಯುವುದಿಲ್ಲ, ಒಂದು ಹೆಜ್ಜೆ ಹಿಂದೆಯೇ ಬರುತ್ತಾಳೆ. ಹಿಂದಿನಿಂದ ಯಾರು ಬಂದರೂ ಮೊದಲು ಅವಳು ಸಿಗಬೇಕು.