ಬೆರಳು ಮೇಸ್ತ್ರಿಯ ಮೂರು ಚುಕ್ಕೆ

ನಮ್ಮ ಭಾವನನ್ನು ಇಡೀ ಬೀದಿ ಬೆರಳು ಮೇಸ್ತ್ರಿ ಎಂದೇ ಕರೆಯುತ್ತಿತ್ತು. ಮೋಟರ್‌ಸೈಕಲ್ ಎಂಜಿನ್ ಬಿಚ್ಚಿ, ಪಿಸ್ಟನ್ನಿನ ಪೆಟ್ಟಿಗೆ ತಿರುಗುವ ಕ್ರ್ಯಾಂಕನ್ನು ಹೊರತೆಗೆದು, ಅದಕ್ಕೆ ಸೇರಿದ ರಾಡನ್ನು ಎಡಗೈಯ ಎರಡು ಬೆರಳಲ್ಲಿ ಹಿಡಿದು ಮೇಲಕ್ಕೂ ಕೆಳಕ್ಕೂ ಅಲ್ಲಾಡಿಸಿದರೆ ಮುಗಿಯಿತು. ಒಳಗಿನ ಬೇರಿಂಗ್ ಕೂದಲೆಳೆಯಷ್ಟು ಸವೆದಿದ್ದರೂ ಹೇಳಿಬಿಡುತ್ತಿದ್ದರು. ನಾನು ಪಕ್ಕದ ನನ್ನ ಲೇತು ಅಂಗಡಿಯಲ್ಲಿ ಸವೆತ ಅಳೆಯುವ ಡಯಲ್ ಗೇಜ್ ಕೂರಿಸಿ, ಕನ್ನಡಕ ಒರೆಸಿ, ಮುಳ್ಳು ನೋಡಿ ಹೇಳುತ್ತಿದ್ದುದೂ ಅದನ್ನೇ. ವರ್ಷಗಟ್ಟಲೆ ನನಗೆ ಹೊಟ್ಟೆಯುರಿಯಿತ್ತು, ಸುಳ್ಳೇಕೆ ಹೇಳಲಿ.

ಒಪ್ಪಿದ ಕ್ರ್ಯಾಂಕಿನ ಮೇಲೆ ಮೊನಚು ಉಕ್ಕಿನ ಪಂಚ್ ಇಟ್ಟು ಸುತ್ತಿಗೆಯಲ್ಲಿ ಮೂರು ಚುಕ್ಕೆ ಹೊಡೆಯುವುದು ಅವರ ರೂಢಿ. ಭಾವ ಎಡಚರು. ಪಂಚ್ ತುಸು ವಾಲಿ, ಮೂರು ಚುಕ್ಕೆಗಳ ಅಂಚೂ ಬಲಗಡೆಗೇ ಉಬ್ಬುತ್ತಿತ್ತು. ಆ ಚುಕ್ಕೆ ಇದ್ದ ಗಾಡಿಯನ್ನು ಜನ ಕಣ್ಣುಮುಚ್ಚಿ ಕೊಳ್ಳುತ್ತಿದ್ದರು.

ಆ ಬೆರಳುಗಳು ಸತ್ತಿದ್ದನ್ನು ಬೀದಿಯಲ್ಲಿ ಮೊದಲು ಕಂಡವನು ನಾನು. ಒಂದು ಮಧ್ಯಾಹ್ನ ಕಾದ ಸೈಲೆನ್ಸರ್ ಮೇಲೆ ಎಡಗೈ ಇಟ್ಟುಕೊಂಡು ಗಿರಾಕಿಯ ಜೊತೆ ಮಾತಾಡುತ್ತಲೇ ಇದ್ದರು. ಚರ್ಮ ಸುಟ್ಟ ವಾಸನೆ ನನ್ನ ಮೂಗಿಗೆ ಬಂತು.

"ಭಾವ, ಕೈ" ಎಂದೆ.

ನಿಧಾನವಾಗಿ ಕೈ ತೆಗೆದು ನೋಡಿಕೊಂಡರು. ಒಂದು ಕ್ಷಣ ಮುಖ ಬಿಳಿಚಿತು. ಆಮೇಲೆ ನಕ್ಕರು. "ನಮ್ಮ ಕೈಗೆ ಇದೆಲ್ಲ ಯಾವ ಲೆಕ್ಕ ಕಣಯ್ಯ" ಎಂದರು. ಗಿರಾಕಿಯೂ ನಕ್ಕ. ಬೆರಳು ಮೇಸ್ತ್ರಿಗೆ ಬೆಂಕಿಯೂ ತಾಗುವುದಿಲ್ಲ ಎಂದು ಬೀದಿಯಲ್ಲಿ ಇನ್ನೊಂದು ಕಥೆ ಹುಟ್ಟಿತು. ಮೂವತ್ತು ವರ್ಷ ಪೆಟ್ರೋಲಿನಲ್ಲಿ ತೊಳೆದ, ಎಂಜಿನ್ನಿನ ನಡುಕ ಕುಡಿದ ಕೈ ಅದು. ಅಕ್ಕನನ್ನು ಕೇಳಿದೆ. "ಅಂಗಿ ಗುಂಡಿ ನಾನೇ ಹಾಕ್ತೀನಿ. ಯಾರಿಗೂ ಹೇಳ್ಬೇಡ ಮಾರಾಯ, ಅವರಿಗಿರೋದು ಅದೊಂದೇ ಹೆಮ್ಮೆ" ಎಂದಳು. ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಅವರ ಮಗಳು ಪಶುವೈದ್ಯೆ. ದನ ಕುರಿಗಳಿಗೆ ಸೂಜಿ ಹಾಕಲು ಗುಡ್ಡದ ಮೇಲಿನ ಊರುಗಳಿಗೆ ಅಪ್ಪನ ಹಳೆಯ ಮೋಟರ್‌ಸೈಕಲ್ಲಿನಲ್ಲೇ ಹೋಗುತ್ತಿದ್ದಳು. ಔಷಧದ ಪೆಟ್ಟಿಗೆ ಹೊತ್ತ ಗಾಡಿ ಏರಿನಲ್ಲಿ ಏದುಸಿರು ಬಿಡುತ್ತಿತ್ತು. ಸಿಲಿಂಡರ್ ಕೊರೆದು ಅಗಲ ಮಾಡಿ ದೊಡ್ಡ ಪಿಸ್ಟನ್ ಕೂರಿಸೋಣ ಎಂದು ಭಾವ ಹೊರಟರು. ಕೊರೆಯುವ ಕೆಲಸ ನನ್ನದು. ತೊಡಕಿದ್ದದ್ದು ಕ್ರ್ಯಾಂಕಿನಲ್ಲಿ. ಪಿಸ್ಟನ್ ದೊಡ್ಡದಾದರೆ ಅದರ ಪೆಟ್ಟೂ ದೊಡ್ಡದು. ಆ ಪೆಟ್ಟನ್ನೆಲ್ಲ ತಿನ್ನಬೇಕಾದ್ದು ಇಪ್ಪತ್ತು ವರ್ಷದ ಹಿಂದೆ ಭಾವನೇ ಕಟ್ಟಿ ಚುಕ್ಕೆ ಹೊಡೆದ ಹಳೆಯ ಕ್ರ್ಯಾಂಕು. ಇಳಿಜಾರಿನಲ್ಲಿ ಅದು ಮುರಿದರೆ ಹಿಂದಿನ ಚಕ್ರ ಕಚ್ಚಿಕೊಂಡು ನಿಲ್ಲುತ್ತದೆ, ಮೇಲೆ ಕೂತವರು ಹಾರುತ್ತಾರೆ.

"ಅಪ್ಪ, ಗಟ್ಟಿ ರಾಡಿನ ಹೊಸ ಕ್ರ್ಯಾಂಕೇ ಹಾಕೋಣ ಬಿಡು" ಎಂದಳು ಮಗಳು.

ಭಾವ ನಾಲ್ಕು ಜನ ಗಿರಾಕಿಗಳ ಎದುರಿಗೇ ರಾಡನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. ಕಣ್ಣು ಮುಚ್ಚಿದರು. "ಒಂದು ಚೂರೂ ಆಟ ಇಲ್ಲ. ಇದು ನಿನ್ನನ್ನೂ ಹೊರುತ್ತೆ, ನಿನ್ನ ಮಕ್ಕಳನ್ನೂ ಹೊರುತ್ತೆ" ಎಂದರು. ಅದೇ ಕ್ರ್ಯಾಂಕು ತೂಕ ಸರಿಮಾಡಲು ನನ್ನ ಬಳಿ ಬಂತು. ಗೇಜ್ ಕೂರಿಸಿದೆ. ಮುಳ್ಳು ಗಡಿ ದಾಟಿ ಹೋಯಿತು. ಮೂರು ಸಲ ನೋಡಿದೆ, ಮೂರು ಸಲವೂ ದಾಟಿತು.

ಆಗ ನಾನು ಎದ್ದು ಹತ್ತು ಹೆಜ್ಜೆ ನಡೆದು "ಭಾವ, ನಿಮ್ಮ ಬೆರಳು ಹೋಗಿದೆ" ಎನ್ನಬೇಕಿತ್ತು. ಅನ್ನಲಿಲ್ಲ. ಅದೇ ಮಾದರಿಯ ನನ್ನ ಸ್ವಂತ ಗಾಡಿಗೆಂದು ತೆಗೆದಿಟ್ಟಿದ್ದ ಗಟ್ಟಿ ಕ್ರ್ಯಾಂಕು ಕಪಾಟಿನಲ್ಲಿತ್ತು. ಅದನ್ನು ಹಳೆಯ ಎಣ್ಣೆಯಲ್ಲಿ ಕಾಯಿಸಿ ಕಪ್ಪಾಗಿಸಿದೆ. ಮೇಲೆ ಮೂರು ಚುಕ್ಕೆ ಹೊಡೆದು ಭಾವನ ಮೇಜಿನ ಮೇಲಿಟ್ಟು ಬಂದೆ. ಅವರು ಮತ್ತೆ ಬೆರಳಲ್ಲಿ ಅಲ್ಲಾಡಿಸಿ ನೋಡಿದರು.

"ಆಗಲೇ ಹೇಳಲಿಲ್ವಾ? ಅಲುಗಾಡಲ್ಲ" ಎಂದರು.

ನನಗೆ ಒಳಗೊಳಗೇ ನಗು ಬಂತು. ಈಗ ನೆನೆದರೆ ಆ ನಗುವಿಗೆ ಮೆಟ್ಟಿನಲ್ಲಿ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮಗಳ ಗಾಡಿ ಗುಡ್ಡವನ್ನು ಕುದುರೆಯಂತೆ ಹತ್ತಿತು. ಭಾವನ ಬಾಯಿ ಹಿಡಿಯುವವರೇ ಇಲ್ಲ. ಹಳೆಯ ಕ್ರ್ಯಾಂಕಿನ ಮೇಲೇ ದೊಡ್ಡ ಪಿಸ್ಟನ್ ಕೂರಿಸಬಹುದು, ಹೊಸದು ಕೊಳ್ಳುವುದು ದಡ್ಡರ ಕೆಲಸ ಎಂದು ಬಂದವರಿಗೆಲ್ಲ ಹೇಳಿದರು. ಸಾಕ್ಷಿಗೆ ಮಗಳ ಗಾಡಿಯನ್ನೇ ತೋರಿಸಿದರು. ಮೊದಲು ಒಪ್ಪಿದವನು ಪಕ್ಕದ ಓಣಿಯ ಬಡಗಿ. ಅವನ ಕ್ರ್ಯಾಂಕು ನನ್ನ ಲೇತಿಗೆ ಬರಲೇ ಇಲ್ಲ. ಸಿಲಿಂಡರ್ ಮಾತ್ರ ಬಂತು. ಕ್ರ್ಯಾಂಕ್ ಎಲ್ಲಿ ಎಂದು ಕೇಳಿದ್ದಕ್ಕೆ ಭಾವ, "ಬೆರಳಿಟ್ಟು ನೋಡಿದ್ದೀನಿ, ನಿನ್ನ ಗೇಜು ಬೇಕಾಗಿಲ್ಲ" ಎಂದರು. ನಾನು ಕೊರೆದು ಕೊಟ್ಟೆ. ಹೌದು, ಗೊತ್ತಿದ್ದೂ ಕೊರೆದು ಕೊಟ್ಟೆ.

ನಾಲ್ಕನೇ ತಿಂಗಳು ಸೇತುವೆಯ ಇಳಿಜಾರಿನಲ್ಲಿ ರಾಡು ಮುರಿದು ಚಕ್ರ ಕಚ್ಚಿಕೊಂಡಿತು. ಬಡಗಿಯ ಜೀವ ಉಳಿಯಿತು, ಬಲ ಮಂಡಿ ಉಳಿಯಲಿಲ್ಲ. ಕಾಲು ಇನ್ನು ಮಡಚುವುದಿಲ್ಲ ಎಂದರು ಡಾಕ್ಟರು. ಅವನದೋ ನೆಲದ ಮೇಲೆ ಕೂತು, ಹಲಗೆಯನ್ನು ಪಾದದಲ್ಲಿ ಅಮುಕಿ ಹಿಡಿದು ಮಾಡುವ ಕೆಲಸ.

ಭಾವ ಆಸ್ಪತ್ರೆಗೆ ಹೋಗಿ ಬಡಗಿಯ ಮಂಚದ ಪಕ್ಕ ನಿಂತು, ತಪ್ಪು ನನ್ನದು, ನನ್ನ ಬೆರಳಿಗೆ ಸ್ಪರ್ಶವಿಲ್ಲ ಎಂದು ಎಲ್ಲರೆದುರು ಹೇಳಿ ಬಂದರು. ಅಷ್ಟು ವರ್ಷ ಮುಚ್ಚಿಟ್ಟದ್ದನ್ನು ಒಂದೇ ಉಸಿರಿಗೆ ಹೇಳಿದರಂತೆ. ಬಂದವರೇ ಮಗಳ ಎಂಜಿನ್ ಬಿಚ್ಚಲು ಕೂತರು.

"ಅದೂ ಹಳೇದು, ಇದೂ ಹಳೇದು. ಅದು ಮುರೀತು, ಇದ್ಯಾಕೆ ಮುರೀಲಿಲ್ಲ? ಇವತ್ತೋ ನಾಳೆಯೋ ಇವಳೂ ಬೀಳ್ತಾಳೆ."

"ಇದಕ್ಕೇನೂ ಆಗಲ್ಲ ಭಾವ, ಬಿಡಿ" ಎಂದೆ.

"ನಿಂಗೆ ಹೆಂಗೆ ಗೊತ್ತು?"

ಅವರು ಬಿಚ್ಚಿದರು. ಕ್ರ್ಯಾಂಕನ್ನು ಕಿಟಕಿಯ ಬೆಳಕಿಗೆ ಹಿಡಿದು ಚುಕ್ಕೆಗಳನ್ನು ಬಹಳ ಹೊತ್ತು ನೋಡಿದರು. ಅಂಚು ಎಡಗಡೆಗೆ ಉಬ್ಬಿತ್ತು. ಬಲಗೈಯವನು ಹೊಡೆದ ಚುಕ್ಕೆ. ಬೆರಳಿಗೆ ತಿಳಿಯದ್ದನ್ನು ಕಣ್ಣು ಹಿಡಿಯಿತು.

"ನೀನಾ?"

"ಹೌದು ಭಾವ. ನಿಮ್ಮ ಮನಸ್ಸಿಗೆ ನೋವಾಗುತ್ತೆ ಅಂತ..."

ಅವರು ಕೂಗಾಡಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕ್ರ್ಯಾಂಕನ್ನು ಬಟ್ಟೆಯ ಮೇಲೆ ಇಟ್ಟು ಹೇಳಿದರು: "ನನ್ನ ಮಗಳನ್ನ ಉಳಿಸ್ದೆ, ಅದಕ್ಕೆ ನಿನ್ನ ಕಾಲು ಹಿಡೀಬೇಕು. ಆದ್ರೆ ನನ್ನ ಮಾನ ಉಳಿಸೋಕೆ ಅವನ ಕಾಲು ತೆಗೆದ್ಯಲ್ಲಯ್ಯ. ಅವತ್ತೇ ಒಂದು ಮಾತು ಹೇಳಿದ್ರೆ ಇಬ್ಬರೂ ಉಳೀತಿದ್ರು." ಕೈ ಒರೆಸಿಕೊಂಡು, "ನಾನು ನನ್ನ ಪಾಲಿಂದು ಹೇಳಿದ್ದೀನಿ. ನಿನ್ನ ಪಾಲಿಂದು ನೀನು ಹೋಗಿ ಹೇಳು" ಎಂದರು.

ನಾನು ಹೋಗಲು ಮನಸ್ಸು ಮಾಡುವಷ್ಟರಲ್ಲಿ ತಿಂಗಳು ಕಳೆದು ಬಡಗಿ ಮನೆಗೆ ಬಂದಿದ್ದ. ಮೇಜನ್ನು ಸೊಂಟದೆತ್ತರಕ್ಕೆ ಏರಿಸಿಕೊಂಡು, ಕಂಕುಳಿಗೆ ಕೋಲು ಕೊಟ್ಟು, ನಿಂತೇ ಕೀಸುಳಿ ಉಜ್ಜುವುದನ್ನು ಅಭ್ಯಾಸ ಮಾಡುತ್ತಿದ್ದ. ಹಲಗೆ ಜಾರುತ್ತಿತ್ತು. ನನ್ನನ್ನು ಕಂಡು ಹೆಂಡತಿಗೆ ನೀರು ತರಲು ಹೇಳಿದ.

"ಮೇಸ್ತ್ರಿ ಕಳಿಸಿದ್ರಾ? ಅವರಿಗೆ ಕೊರಗಬೇಡಿ ಅನ್ನಿ. ಬೆರಳು ಗಿರಳು ಅಂತ ಏನೇನೋ ಅಂದ್ರು, ಪಾಪ. ಅವರ ಮಗಳ ಗಾಡಿಗೂ ಅದೇ ಬೆರಳಲ್ವಾ ಇಟ್ಟಿದ್ದು? ಅದು ಓಡ್ತಾ ಇದೆ. ಅಂದ್ಮೇಲೆ ಇದು ನನ್ನ ಹಣೆಬರಹ, ಅಷ್ಟೇ."

ಈಗ ಹೇಳಬೇಕಿತ್ತು. ಅವನು ಹಲಗೆಯ ಇನ್ನೊಂದು ತುದಿ ಹಿಡಿದುಕೊಳ್ಳಲು ಹೇಳಿದ, ಹಿಡಿದುಕೊಂಡೆ. ಒಂದು ಬದಿ ಉಜ್ಜಿ ಮುಗಿಸಿದ. ನೀರು ಕುಡಿದು, ಹೇಳದೆಯೇ ಎದ್ದು ಬಂದೆ.

ಭಾವ ಅಂಗಡಿಯ ಮೆಟ್ಟಿಲ ಮೇಲೆಯೇ ಕೂತಿದ್ದರು. ಪಂಚು, ಸುತ್ತಿಗೆ ಎರಡನ್ನೂ ಹಳೆಯ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು.

"ಹೇಳಿದ್ಯಾ?"

"ಹೇಳಿದೆ."

"ಏನಂದ?"

"ಹಣೆಬರಹ ಅಂದ."

ಭಾವ ನನ್ನ ಕೈಯನ್ನು ತಮ್ಮ ಎಡಗೈಯಲ್ಲಿ ಹಿಡಿದುಕೊಂಡರು. "ದೊಡ್ಡ ಮನುಷ್ಯ ಅವನು. ನೀನೂ ಹೇಳಿದ್ಯಲ್ಲ, ಅಷ್ಟು ಸಾಕು" ಎಂದು ಅತ್ತರು. ನನ್ನ ಕೈ ನಡುಗುತ್ತಿತ್ತು. ಅವರಿಗೆ ಅದು ತಿಳಿಯಲಿಲ್ಲ.