ಡಿಕ್ಕಿಯೊಳಗಿನ ಗುಂಯ್

ಕಾರುಗಳಿಗೆ ಸ್ಪೀಕರ್ ಕೂರಿಸುವ ಅವನಿಗೆ ಬೀದಿಯವರು ಇಟ್ಟ ಹೆಸರು ಕಿವಿಯಣ್ಣ. ಇಪ್ಪತ್ತೆರಡು ವರ್ಷಗಳಲ್ಲಿ ಅವನ ಕೈಯಿಂದ ಹೋದ ಒಂದು ಕಾರೂ ದೂರು ಹೊತ್ತು ವಾಪಸು ಬಂದಿರಲಿಲ್ಲ. ಅದರ ಜಂಬವೂ ತುಸು ಜಾಸ್ತಿಯೇ ಇತ್ತು. ಅವನು ಕಾರಿನೊಳಗೆ ಕೂತು ಕಿವಿಗೊಟ್ಟನೆಂದರೆ ಪಕ್ಕದಲ್ಲಿ ಯಾರೂ ಕೆಮ್ಮುವಂತಿಲ್ಲ. ಮೂಲೆಯಲ್ಲಿ ಸ್ಪೀಕರ್ ಪೆಟ್ಟಿಗೆಗಳಿಗೆ ಗವಸು ಹೊಲಿಯುವ ಹೆಂಡತಿಗಂತೂ ದಿನಕ್ಕೆ ಹತ್ತು ಸಲ ಒಂದೇ ಮಾತು: "ಲೇ, ಮಿಷನ್ ನಿಲ್ಲಿಸೇ!" ಅವಳು ಮಿಷನ್ ನಿಲ್ಲಿಸುತ್ತಿದ್ದಳು, ಗೊಣಗುವುದನ್ನಲ್ಲ.

ಅಂಥವನ ಬಳಿಗೆ ಡ್ರಾಯಿಂಗ್ ಮೇಷ್ಟ್ರ ಕಾರು ವಾಪಸು ಬಂತು. ವಾರದ ಹಿಂದೆ ಅದರ ಡಿಕ್ಕಿಯಲ್ಲಿ ಸಬ್‌ವೂಫರ್, ಅಂದರೆ ದಪ್ಪ ದನಿಯ ದೊಡ್ಡ ಸ್ಪೀಕರ್, ಕೂರಿಸಿದ್ದ. ಹಾಡು ನಿಲ್ಲಿಸಿದರೂ ಅದು ಗುಂಯ್ ಎನ್ನುತ್ತಿತ್ತು. ಆಕ್ಸಿಲರೇಟರ್ ಒತ್ತಿದಷ್ಟೂ ಏರುತ್ತಿತ್ತು. ಕಿವಿಯಣ್ಣನ ಮುಖ ಕಪ್ಪಿಟ್ಟಿತು. ತಡಕಾಡಿದ ಮೇಲೆ ಕಾರಣ ಸಿಕ್ಕಿತು. ಬರಿ ತಗಡಿಗೆ ತಾಗಬೇಕಾದ ಅರ್ತ್ ವೈರನ್ನು ಅವಸರದಲ್ಲಿ ಬಣ್ಣದ ಮೇಲೆಯೇ ಬಿಗಿದುಬಿಟ್ಟಿದ್ದ. ಬಣ್ಣ ಕೆರೆದು, ತಗಡು ಹೊಳೆಯುವಂತೆ ಉಜ್ಜಿ, ಮತ್ತೆ ಬಿಗಿದ.

ಮೇಷ್ಟ್ರು ಕಾರಿನಲ್ಲಿ ಕೂತು ಆಲಿಸಿದರು. "ಹೋಯ್ತಲ್ಲಪ್ಪ! ಕೀ ಕೊಡು, ಹೊರಡ್ತೀನಿ."

"ಎಲ್ಲಿ ಹೋಯ್ತು ಸಾರ್? ಸಣ್ಣಗೆ ಇದೆ. ನಾಳೆ ಬನ್ನಿ."

ಮರುದಿನ ಸಿಗ್ನಲ್ ಕೇಬಲ್ಲನ್ನು ಕರೆಂಟ್ ವೈರಿನಿಂದ ದೂರ ಎಳೆದ. ಗುಂಯ್ ಹೋಗಲಿಲ್ಲ. ಹೊಸ ಕೇಬಲ್ ಹಾಕಿದ, ಆಂಪ್ಲಿಫೈಯರನ್ನೇ ಬದಲಾಯಿಸಿದ. ನಿಂತಲ್ಲಿ ನಿಲ್ಲಲಾರ, ಕೂತಲ್ಲಿ ಕೂರಲಾರ. ಊಟದ ತಟ್ಟೆ ಮುಂದಿಟ್ಟರೆ ಎರಡು ತುತ್ತು ತಿಂದು ಎದ್ದು ಡಿಕ್ಕಿಗೆ ತಲೆ ತೂರಿಸುತ್ತಿದ್ದ. ಮೂರನೆಯ ದಿನ ಮೇಷ್ಟ್ರು ಬಂದು ರೇಗಿದರು: "ಇಲ್ಲದ ಶಬ್ದ ಹುಡುಕ್ತಾ ನನ್ನ ಕಾರನ್ನ ಇಟ್ಕೊಂಡಿದ್ದೀಯಲ್ಲಯ್ಯಾ!"

"ಅರ್ಧ ಗಂಟೆ ಸಾರ್," ಎಂದು ಬೇಡಿಕೊಂಡ.

ಇನ್ನು ಬಿಚ್ಚಲು ಉಳಿದದ್ದು ಬ್ಯಾಟರಿ ಒಂದೇ. ಬಾನೆಟ್ ಎತ್ತಿ ಬ್ಯಾಟರಿಯ ವೈರನ್ನೇ ಕಳಚಿದ. ಕಾರಿನಲ್ಲಿ ಈಗ ಒಂದು ದೀಪವೂ ಹತ್ತದು. ಮಿಷನ್ ನಿಲ್ಲಿಸಲು ಹೇಳಿ ಹೆಂಡತಿಯನ್ನು ಸೀಟಿನಲ್ಲಿ ಕೂರಿಸಿದ.

"ಬರ್ತಿದೆಯಾ?"

"ಏನು?"

"ಗುಂಯ್ ಅಂತ ಕಣೇ!"

"ವೈರ್ ನಿಮ್ಮ ಕೈಯಲ್ಲೇ ಇದೆಯಲ್ಲ, ಎಲ್ಲಿಂದ ಬರುತ್ತೆ?"

ಅವನು ಕೈಯಲ್ಲಿದ್ದ ವೈರ್ ನೋಡಿದ. ಗುಂಯ್ ಇನ್ನೂ ಇತ್ತು. ಕಾರಿನಿಂದ ದೂರ, ಬಾಗಿಲ ಬಳಿ ಹೋಗಿ ನಿಂತ. ಅಲ್ಲಿಯೂ ಇತ್ತು. ಎರಡು ಕಿವಿಗೂ ಬೆರಳಿಟ್ಟುಕೊಂಡ. ಅದು ಇನ್ನಷ್ಟು ಜೋರಾಯಿತು. ಅನ್ನ ಹಾಕಿದ ಕಿವಿಯೇ ಕೈಕೊಟ್ಟಿತ್ತು.

ಬ್ಯಾಟರಿಗೆ ವೈರ್ ಬಿಗಿದು, ಮೇಷ್ಟ್ರಿಗೆ ಕೀ ಕೊಟ್ಟ. "ನಿಮ್ಮ ಕಾರಲ್ಲಿ ಏನೂ ಇಲ್ಲ ಸಾರ್," ಎಂದ. ಅವರು ನಕ್ಕು ಹೊರಟರು.

ಅಂಗಡಿ ಖಾಲಿಯಾಯಿತು. ಕೆಲಸವಿಲ್ಲದ ಆ ನಿಶ್ಶಬ್ದದಲ್ಲಿ ಗುಂಯ್ ಬೆಳೆಯುತ್ತಲೇ ಹೋಯಿತು. ಹೆಂಡತಿ ಅವನ ಮುಖವನ್ನೇ ನೋಡುತ್ತಿದ್ದಳು.

"ಯಾವಾಗಿಂದ?" ಎಂದು ಮೆಲ್ಲಗೆ ಕೇಳಿದಳು.

ಅವನು ಮೂಲೆಯತ್ತ ಕೈ ತೋರಿಸಿದ.

"ಲೇ, ಮಿಷನ್ ತುಳಿಯೇ."

"ಹೊಲಿಯೋಕೆ ಬಟ್ಟೆನೇ ಇಲ್ವಲ್ರೀ."

"ಪರವಾಗಿಲ್ಲ, ಸುಮ್ನೆ ತುಳಿ."

ಅವಳು ಗೊಣಗದೆ ಹೋಗಿ ಕೂತು ತುಳಿಯತೊಡಗಿದಳು.